ಅವರ ಹೆಸರಿನ ಡಾಟ್ ಕಾಮ್

ಮಾರ್ಚ್ 3, ಮಂಗಳವಾರ

ಆಫೀಸು. ಬೆಳಗಿನಿಂದ ಒಂಬತ್ತು ಕ್ಲೇಮು. ಏಳು ನಿಜ, ಒಂದು ಅನುಮಾನ, ಒಂದು ಹಸಿ ಸುಳ್ಳು. ಕಾರು ಮರಕ್ಕೆ ಗುದ್ದಿತಂತೆ — ಫೋಟೋದಲ್ಲಿ ಬಂಪರ್ ನುಚ್ಚುನೂರು, ಮರಕ್ಕೆ ಒಂದು ಗೀರಿಲ್ಲ. ಫೋನಿನಲ್ಲಿ ಗಾಳ ಹಾಕಿದೆ. "ಬಿಲ್ಲು ಗಿಲ್ಲು ಇರ್ಲಿ ಬಿಡಿ ಸಾರ್. ಒಂದು ರೌಂಡ್ ಫಿಗರ್ ಹೇಳಿ, ಇವತ್ತೇ ಮುಗಿಸೋಣ." ನಿಜವಾಗಿ ನಷ್ಟವಾದವನಿಗೆ ಈ ಮಾತು ಕೇಳಿ ಸಿಟ್ಟು ಬರುತ್ತದೆ, ಬಿಲ್ಲು ಹಿಡಿದು ಜಗಳಕ್ಕೆ ನಿಲ್ಲುತ್ತಾನೆ. ಕಳ್ಳ ಚೌಕಾಸಿಗೆ ಇಳಿಯುತ್ತಾನೆ. ಇವನು ಇಳಿದ. 'ತಿರಸ್ಕರಿಸಿ' ಎಂದು ಬರೆದು ಕಾಫಿಗೆ ಎದ್ದೆ. ಇನ್ಶೂರೆನ್ಸ್ ಕಂಪನಿಯಲ್ಲಿ ಸೇರಿದಾಗಿನಿಂದ ಇದೇ ಕಸುಬು. ನಂಬದೇ ಇರುವುದಕ್ಕೆ ಸಂಬಳ.

ಮನೆಯಲ್ಲಿ ಅಕ್ಕ ಎಡಗೈಯಿಂದ ಬಟಾಣಿ ಸುಲಿಯುತ್ತಿದ್ದಳು. ಜನವರಿಯಲ್ಲಿ ಅವಳ ಬಿಲ್ಡಿಂಗಿನ ಲಿಫ್ಟ್ ಬಾಗಿಲು ಬಲಗೈ ಮೇಲೆ ಮುಚ್ಚಿಕೊಂಡಿತು. ಅಡ್ಡ ಏನಾದರೂ ಸಿಕ್ಕಿದರೆ ತಾನೇ ತೆರೆಯಬೇಕಾದ ಬಾಗಿಲು. ತೆರೆಯಲಿಲ್ಲ. ಎರಡು ಬೆರಳು ಬಗ್ಗುವುದಿಲ್ಲ. ಶಾಲೆಗಳ ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಕಟಿಂಗ್ ಪೂರ್ತಿ ಅವಳದೇ ಇತ್ತು. ಕತ್ತರಿ ಹಿಡಿಯದ ಕೈಗೆ ಅಲ್ಲಿ ಏನು ಕೆಲಸ. ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಇನ್ನೊಂದು ಆಪರೇಷನ್ ಆದರೆ ಬೆರಳು ಬಗ್ಗುತ್ತವೆ, ಆದರೆ ಜೂನ್ ಒಳಗೆ ಆಗಬೇಕು, ಆಮೇಲೆ ಒಳಗೆಲ್ಲ ಬಿಗಿದುಹೋಗುತ್ತದೆ ಎಂದಿದ್ದಾರೆ ಡಾಕ್ಟರು. ಖರ್ಚು ನಮ್ಮಿಬ್ಬರ ಶಕ್ತಿಗೂ ಮೀರಿದ್ದು. ಲಿಫ್ಟ್ ಕಂಪನಿ ಪರಿಹಾರ ಕೊಡಬೇಕು. ಇವತ್ತು ಅವರ ಉತ್ತರ ಬಂತು — "ದೂರುದಾರರು ಅಜಾಗರೂಕತೆಯಿಂದ ಕೈ ತೂರಿಸಿದ್ದಾರೆ."

ಅಕ್ಕ ಓದಿ, ಮಡಿಸಿಟ್ಟು, ಬಟಾಣಿ ಮುಂದುವರಿಸಿದಳು. ನನಗೆ ಮೈಯೆಲ್ಲ ಉರಿಯಿತು.

ಮಾರ್ಚ್ 4, ಬುಧವಾರ — ಮಧ್ಯಾಹ್ನ

ಡಬ್ಬಿ ಊಟ ಮಾಡುತ್ತ ಕಂಪನಿಯ ವೆಬ್‌ಸೈಟ್ ನೋಡಿದೆ. ಹಾರ ಹಾಕಿಕೊಂಡ ಲಿಫ್ಟುಗಳು, ನಗುವ ಮುದುಕಿ, ನಗುವ ಮಗು. ವಿಳಾಸ ಮಾರುದ್ದ. ಕಂಪನಿಗೆ ಒಂದು ಹೆಣ್ಣುಮಗಳ ಹೆಸರು. ಅದರ ಹಿಂದೆ ಎಲಿವೇಟರ್ಸ್, ಅಡ್ಡಗೆರೆ, ಸರ್ವಿಸಸ್, ಇನ್ನೂ ಏನೇನೋ. ಬರೀ ಹೆಸರು, ಡಾಟ್ ಕಾಮ್ — ಅದನ್ನು ಯಾರೂ ತೆಗೆದುಕೊಂಡೇ ಇಲ್ಲ. ಎರಡು ಸಲ ನೋಡಿದೆ. ಖಾಲಿ.

ತೆಗೆದುಕೊಂಡೆ. ಒಂದು ಹೋಟೆಲ್ ಊಟದಷ್ಟೂ ಖರ್ಚಾಗಲಿಲ್ಲ. ಇನ್ನು ಅವರನ್ನು ಹುಡುಕಿಕೊಂಡು ಬಂದವರೆಲ್ಲ ಮೊದಲು ನನ್ನ ಬಾಗಿಲಿಗೆ.

ಹೆಸರು ವಿಳಾಸ ಕೇಳಿತು. ನಿಜ ಕೊಡಲು ನಾನೇನು ನಿನ್ನೆ ಹುಟ್ಟಿದವನೇ. ಎಂದೋ ತೀರಿಕೊಂಡ ತಾತನ ಹೆಸರು, ಆಫೀಸಿನ ಹಿಂದಿನ ಪಾಳು ಗೋದಾಮಿನ ವಿಳಾಸ ತುಂಬಿದೆ. ಪಕ್ಕದ ಮೇಜಿನ ಕನ್ನಡಕದವನು ಇಣುಕಿದ ಹಾಗಾಯಿತು. "ಏನ್ ಸಾರ್, ಶಾಪಿಂಗಾ?" ಅಂದ. ಪರದೆ ಮುಚ್ಚಿದೆ. ಇವನಿಗೆ ನನ್ನ ಊಟದ ಹೊತ್ತಲ್ಲೇ ಯಾಕೆ ಕುತೂಹಲ?

ಮಾರ್ಚ್ 9, ಸೋಮವಾರ

ಸೈಟ್ ಸಿದ್ಧ. ಮೇಲೆ ಅವರದೇ ಗುರುತು, ಅವರದೇ ನೀಲಿ ಬಣ್ಣ. ಒಳಗೆ ಬಂದಮೇಲೆ ಅಕ್ಕನ ಕೈ.

ಫೋಟೋ ಅಕ್ಕನೇ ತೆಗೆಸಿಕೊಂಡಳು. ಕಿಟಕಿ ಹತ್ತಿರ ಕೂತು, ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಕೈ ಇಟ್ಟಳು. "ಇದ್ದದ್ದು ಇದ್ದ ಹಾಗೆ ಬರಿ ಕಣೋ. ಒಂದಕ್ಷರ ಜಾಸ್ತಿ ಬೇಡ."

"ಕಟುಕರು ಅಂತ ಹಾಕ್ಲಾ?"

"ಅವರೇನು ಬೇಕೂಂತ ಮಾಡಿದ್ರಾ? ರಿಪೇರಿ ಮಾಡ್ಲಿಲ್ಲ. ಅಷ್ಟೇ ಬರಿ."

ಅಕ್ಕ ಹೀಗೇ. ಗಿರಾಕಿಯ ಬಟ್ಟೆ ಅಂಗೈಯಗಲ ಉಳಿದರೂ ಮಡಿಸಿ ವಾಪಸ್ ಕೊಡುವವಳು. ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಅವಳು ಮಲಗಲು ಹೋದಮೇಲೆ 'ಕಟುಕರು' ಸೇರಿಸಿದೆ.

ಮಾರ್ಚ್ 20, ಶುಕ್ರವಾರ

ಜನ ಬರೆಯುತ್ತಿದ್ದಾರೆ. ಲಿಫ್ಟಿನಲ್ಲಿ ಸಿಕ್ಕಿಕೊಂಡ ಗರ್ಭಿಣಿ. ಎರಡು ಮಹಡಿ ನಡುವೆ ನಿಂತು ಕೂಗಿ ಕೂಗಿ ಗಂಟಲು ಕಟ್ಟಿದ ಮೇಷ್ಟ್ರು. ಬಾಗಿಲು ತೆರೆಯಿತು, ಲಿಫ್ಟೇ ಇರಲಿಲ್ಲ ಎಂದು ಒಬ್ಬ ಪೇಂಟರು.

ಎಲ್ಲರಿಗೂ ಉತ್ತರಿಸಿದೆ — ತಾರೀಖು, ಬಿಲ್ಡಿಂಗು, ಫೋಟೋ, ಸಾಕ್ಷಿ ಕಳಿಸಿ. ಇವರಲ್ಲಿ ಕಂಪನಿಯ ಬೇಹುಗಾರ ಒಬ್ಬನಾದರೂ ಇರಲೇಬೇಕು. ಮೇಷ್ಟ್ರಿಗೆ ಕೋಪ ಬಂತು. "ಸ್ವಾಮಿ, ನೀವು ನಮ್ಮ ಕಡೆಯವರೋ ಅವರ ಕಡೆಯವರೋ?" ಎಂದು ಬರೆದರು. ಯಾವ ಕಡೆ ಅಂತ ಹೇಳಿಬಿಟ್ಟರೆ ಪರಿಶೀಲನೆ ಹೇಗಾಗುತ್ತದೆ.

ಅಕ್ಕನ ಪರಿಹಾರದ ಅರ್ಜಿಗೆ ದಿನ ಗೊತ್ತಾಯಿತು. ಮೇ 13, ರಾಜಿ ಮಾತುಕತೆ. ಕಂಪನಿಯವರೂ ಬರುತ್ತಾರೆ. ಅಕ್ಕನ ಕೇಸು ನಡೆಸುವ ವಕೀಲೆಗೆ ಸೈಟಿನ ವಿಷಯ ಹೇಳಿಲ್ಲ. ವಕೀಲರ ಬಾಯಿಗೆ ಬೀಗ ಇರುತ್ತದೆ ಎನ್ನುವುದು ವಕೀಲರೇ ಹಬ್ಬಿಸಿದ ಮಾತು.

ಏಪ್ರಿಲ್ 2, ಗುರುವಾರ

ಒಂದು ಮೇಲ್ ಬಂದಿದೆ. ಗುರುತಿಲ್ಲದವನು. ನಿಮ್ಮ ಡೊಮೇನ್ ಹೆಸರು ನನ್ನ ಮಗಳ ಹೆಸರು, ಅವಳು ಬೇಕರಿ ತೆರೆಯುತ್ತಿದ್ದಾಳೆ, ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡಬೇಕು, ಮಾರುತ್ತೀರಾ?

ಬೇಕರಿ. ಮಗಳು. ಹುಟ್ಟುಹಬ್ಬ. ಒಂದೇ ಉಸಿರಿನಲ್ಲಿ ಮೂರು ಸಿಹಿ. ಇಷ್ಟು ಸಕ್ಕರೆ ಸುರಿದಿದ್ದಾರೆ ಅಂದರೆ ಕೆಳಗೆ ಏನೋ ಹಳಸಿದೆ.

ಹೆಂಡತಿಗೆ ತೋರಿಸಿದೆ. "ನಿಮಗೆ ಇರುವೆ ಸಾಲಾಗಿ ಹೋದ್ರೂ ಪಿತೂರಿ. ಉತ್ತರ ಕೊಡ್ಬೇಡಿ, ಮುಗೀತು," ಅಂದಳು. ಇವಳಿಗೆ ಎಲ್ಲವೂ ಸುಲಭ.

ಏಪ್ರಿಲ್ 6, ಸೋಮವಾರ

ನಾಲ್ಕು ದಿನ ತಡೆದೆ. ಆಗಲಿಲ್ಲ. ಬೇಕರಿಯವನೋ ಕಂಪನಿಯವನೋ ತಿಳಿಯಲೇಬೇಕು. ಆಫೀಸಿನ ಗಾಳ ಇದ್ದೇ ಇದೆಯಲ್ಲ. ಬೆಲೆ ಹತ್ತು ಲಕ್ಷ ಎಂದು ಬರೆದೆ. ನಿಜವಾದ ಅಪ್ಪನಾದರೆ ಬೈದು ಓಡಿಹೋಗುತ್ತಾನೆ. ಕಂಪನಿಯವನಾದರೆ ಚೌಕಾಸಿಗೆ ಬರುತ್ತಾನೆ.

ಸಂಜೆ 5.40 — ಬಂದ. "ಬೆಲೆ ಜಾಸ್ತಿಯಾಯಿತು. ಆದರೂ ಯೋಚಿಸಬಹುದು. ಈಗ ಅಲ್ಲಿರುವ ಬರಹ, ಫೋಟೋ ಎಲ್ಲ ತೆಗೆದುಹಾಕುತ್ತೀರಾ?"

ಸಿಕ್ಕಿಬಿದ್ದ. ಬೇಕರಿಯವನಿಗೆ ಬರಹದ ಉಸಾಬರಿ ಯಾಕೆ? ಕೈ ಉಜ್ಜಿಕೊಂಡೆ. ಇನ್ನೂ ಪೂರ್ತಿ ದಡಕ್ಕೆ ಎಳೆಯಬೇಕು, ತಾನು ಯಾರೆಂದು ಅವನ ಬಾಯಿಂದಲೇ ಬರಬೇಕು. ಬರೆದೆ — "ಹಣ ಬಂದ ದಿನವೇ ಎಲ್ಲ ಅಳಿಸುತ್ತೇನೆ. ಬರದಿದ್ದರೆ ಇನ್ನೂ ಬರೆಯುತ್ತೇನೆ."

ಕಳಿಸಿ ಒಂದು ಲೋಟ ನೀರು ಕುಡಿದೆ. ಎಷ್ಟೋ ದಿನದ ಮೇಲೆ ಒಳ್ಳೆಯ ಹಸಿವು.

ಏಪ್ರಿಲ್ 7

ಉತ್ತರವಿಲ್ಲ.

ಏಪ್ರಿಲ್ 10

ಇಲ್ಲ.

ಏಪ್ರಿಲ್ 21, ಮಂಗಳವಾರ

ನೋಟಿಸು. ಮನೆಗೇ ಬಂದಿದೆ. ನನ್ನ ಹೆಸರಿಗೆ — ತಾತನ ಹೆಸರಿಗಲ್ಲ. ಕೊರಿಯರಿನವನು ಕೊಟ್ಟು ಸಹಿ ಹಾಕಿಸಿಕೊಂಡು ಹೋದ.

ಕಂಪನಿಯ ನೋಂದಾಯಿತ ಹೆಸರನ್ನು ದುರುದ್ದೇಶದಿಂದ ಕಬ್ಜಾ ಮಾಡಿಕೊಂಡಿದ್ದೇನೆ. ಅವರ ಗುರುತು ಬಳಸಿ ಗಿರಾಕಿಗಳನ್ನು ದಾರಿ ತಪ್ಪಿಸಿದ್ದೇನೆ. 'ಕಟುಕರು' ಎಂದು ಮಾನ ಕಳೆದಿದ್ದೇನೆ. ಸುಳ್ಳು ಹೆಸರು ಕೊಟ್ಟು ಮರೆಯಲ್ಲಿದ್ದೇನೆ. ಕೊನೆಯಲ್ಲಿ, ಹಣ ಕೊಡದಿದ್ದರೆ ಇನ್ನೂ ಬರೆಯುತ್ತೇನೆ ಎಂದು ಬೆದರಿಸಿದ್ದೇನೆ. ಜೊತೆಗೆ ನನ್ನ ಎರಡೂ ಮೇಲ್ ಪ್ರಿಂಟ್ ಹಾಕಿ ಲಗತ್ತಿಸಿದ್ದಾರೆ. ಅಕ್ಷರ ದೊಡ್ಡದಾಗಿ ಕಾಣುತ್ತದೆ ಕಾಗದದ ಮೇಲೆ.

ಹೆಸರು ಬಿಟ್ಟುಕೊಡಿ, ಇಲ್ಲದಿದ್ದರೆ ಕೇಸು.

ಗಾಳ ಅವರದು. ಮೀನು ನಾನು. ಇಷ್ಟು ದಿನ ನೀರಿನಲ್ಲೇ ಇದ್ದೆ, ಒದ್ದೆಯಾದದ್ದು ತಿಳಿಯಲಿಲ್ಲ.

ಅಕ್ಕ ಕೇಳಿದಳು, "ಏನೋ ಅದು?" ವಿದ್ಯುತ್ ಬಿಲ್ಲು ಅಂದೆ.

ಏಪ್ರಿಲ್ 24, ಶುಕ್ರವಾರ

ಯಾರು ಹೇಳಿದರು? ಮೂರು ದಿನದಿಂದ ಇದೇ. ಕನ್ನಡಕದವನೇ ಇರಬೇಕು — ಅವತ್ತು ಇಣುಕಿದ್ದ. ಇವತ್ತು ಅವನ ಎದುರು ಬೇಕೆಂದೇ 'ಲಿಫ್ಟು' ಎಂಬ ಮಾತು ಎತ್ತಿದೆ. ಮುಖ ನೋಡಿದೆ. "ನಮ್ಮ ಬಿಲ್ಡಿಂಗಲ್ಲೂ ಕೆಟ್ಟಿದೆ ಸಾರ್, ಮಂಡಿ ನೋವು," ಅಂದ. ಬಲು ಘಾಟಿ.

ಇಲ್ಲ, ಅಕ್ಕನ ಬಿಲ್ಡಿಂಗಿನ ಸೆಕ್ರೆಟರಿ? ಮೇಷ್ಟ್ರು? ಸಿಟ್ಟಿನ ಮೇಷ್ಟ್ರಿಗೆ ಕಾರಣವಿದೆ. ಇವಳೇ ಯಾರಿಗಾದರೂ ಬಾಯಿ ಬಿಟ್ಟಳೇ? ಕೇಳಿಯೇಬಿಟ್ಟೆ.

ಇವಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು. "ರೀ, ಆ ಡಾಟ್ ಕಾಮ್‌ಗೆ ದುಡ್ಡು ಹೇಗೆ ಕಟ್ಟಿದ್ರಿ?"

"ಕಾರ್ಡಲ್ಲಿ."

"ಯಾರ ಕಾರ್ಡು?"

ನನ್ನದು.

"ತಾತ ಸತ್ತಮೇಲೆ ಕಾರ್ಡು ಮಾಡಿಸಿದ್ರಾ?" ಅಂತ ಇಸ್ತ್ರಿ ಮುಂದುವರಿಸಿದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಕಥೆ. ದೂರು ಕೊಟ್ಟವರು ಕೇಳಿದರೆ ಹೆಸರು ಮಾರುವ ಕಂಪನಿ ಹೇಳಿಯೇ ಹೇಳುತ್ತದಂತೆ. ಆಮೇಲೆ ಓದಿದೆ, ನಾನು ಒಪ್ಪಿದ ಷರತ್ತುಗಳಲ್ಲೇ ಇದೆ. ಬೇರೆಯವರ ಪಾಲಿಸಿಯ ಸಣ್ಣಕ್ಷರ ಓದಿಸಿ ಓದಿಸಿ ಕ್ಲೇಮು ತಳ್ಳಿದವನು ನಾನು.

ಮೇ 4, ಸೋಮವಾರ

ವಕೀಲೆಯ ಹತ್ತಿರ ಹೋದೆ. ಒಬ್ಬನೇ. ಎರಡು ಕುರ್ಚಿ ಇರುವ ಕೋಣೆ, ಒಂದರ ಮೇಲೆ ಕಾಗದದ ಕಟ್ಟು. ಕಿಟಕಿಯಲ್ಲಿ ಕೆಟ್ಟ ಪ್ರಿಂಟರ್, ಅದರ ಮೇಲೆ ಕೆಡದ ಪ್ರಿಂಟರ್. ಎಲ್ಲ ಓದಿದರು. ಮೇಲ್‌ಗಳನ್ನು ಎರಡು ಸಲ ಓದಿದರು.

"ಟೀಕೆ ಮಾಡೋ ಹಕ್ಕು ನಿಮಗಿದೆ. ಆಗಿದ್ದನ್ನ ಬರೆಯೋದೂ ತಪ್ಪಲ್ಲ. ಆದ್ರೆ ಅವರ ಬೋರ್ಡು ತಗಲಿಸ್ಕೊಂಡು, ಅವರ ಅಂಗಡಿ ಅನ್ನೋ ಹಾಗೆ ಬಾಗಿಲು ತೆರೆದು ಬೈಯೋಕಾಗಲ್ಲ. ಹೆಸರಿನ ಮುಂದೆ 'ದೂರು' ಅಂತ ಒಂದು ಪದ ಸೇರಿಸಿದ್ರೆ, ಇದು ಕಂಪನಿಯ ಸೈಟ್ ಅಲ್ಲ ಅಂತ ಮೇಲೆ ಒಂದು ಸಾಲು ಹಾಕಿದ್ರೆ ನಾನು ನಿಂತು ವಾದ ಮಾಡ್ತಿದ್ದೆ."

ನೋಟಿಸು ಪಕ್ಕಕ್ಕಿಟ್ಟು ಮೇಲ್‌ಗಳ ಪ್ರಿಂಟ್ ಎತ್ತಿಕೊಂಡರು.

"ಅದಾದ್ರೂ ಹೇಗೋ ಎಳೆದಾಡಬಹುದು. ಈ ಮೇಲ್ ಏನು ಮಾಡ್ಲಿ? ದುಡ್ಡು ಕೊಟ್ರೆ ಅಳಿಸ್ತೀನಿ, ಕೊಡದಿದ್ರೆ ಬರೀತೀನಿ."

"ಅದು ಪರೀಕ್ಷೆ ಮೇಡಂ. ಅವನು ಯಾರು ಅಂತ ತಿಳ್ಕೊಳ್ಳೋಕೆ..."

"ತಿಳೀತಾ?"

"ತಿಳೀತು."

"ಅವರಿಗೂ ತಿಳೀತು," ಅಂದರು.

ಈ ಫೈಲು ನನ್ನ ಮೇಜಿಗೆ ಬಂದಿದ್ದರೆ? ಹತ್ತು ಲಕ್ಷ ಕೇಳಿದವನು 'ಪರೀಕ್ಷೆ ಮಾಡಿದೆ' ಅಂದಿದ್ದರೆ? ಕಾಫಿಗೆ ಮೊದಲೇ ತಿರಸ್ಕರಿಸುತ್ತಿದ್ದೆ.

ಆಮೇಲೆ ಅವರು ಹೇಳಿದ್ದು ನಿಜವಾದ ಪೆಟ್ಟು. ಈ ಮೇಲ್‌ಗಳನ್ನು ಕಂಪನಿ ಅಕ್ಕನ ಅರ್ಜಿಗೇ ಅಂಟಿಸಲಿದೆ. ಅಕ್ಕ ತಮ್ಮ ಇಬ್ಬರೂ ಸೇರಿ ಹೂಡಿದ ದಂಧೆ, ಕೈ ನೋವೂ ನಾಟಕ ಎನ್ನುತ್ತಾರೆ. ರಾಜಿ ಮುರಿದರೆ ಕೇಸು ವರ್ಷಗಟ್ಟಲೆ. ಬೆರಳಿಗೆ ಇರುವುದು ಜೂನ್ ತನಕ.

"ನಿಮ್ಮ ಅಕ್ಕನಿಗೆ ಸೈಟಿನ ವಿಷಯ ಗೊತ್ತಿತ್ತಾ? ಗೊತ್ತಿದ್ರೆ ಇಬ್ರನ್ನೂ ಒಂದೇ ಗಂಟಿಗೆ ಕಟ್ತಾರೆ."

"ಗೊತ್ತಿಲ್ಲ."

"ಫೋಟೋ?"

"ಅವಳು ಮಲಗಿದ್ದಾಗ ತೆಗೆದೆ."

ರೆಪ್ಪೆ ಬಡಿಯಲಿಲ್ಲ. ಸುಳ್ಳುಗಾರರು ಎಲ್ಲಿ ಎಡವುತ್ತಾರೆ ಅಂತ ಬಲ್ಲವನಿಗೆ ಎಡವದೇ ನಡೆಯುವುದು ಕಷ್ಟವಲ್ಲ. ಹಾಗಾದರೆ ಅದನ್ನೇ ಬರೆದುಕೊಡಿ, ಯೋಚಿಸಿ ಕೊಡಿ, ನಿಮ್ಮ ನೌಕರಿಗೂ ತೊಂದರೆಯಾಗಬಹುದು ಅಂದರು.

ಮೇ 7, ಗುರುವಾರ

ಬರೆದುಕೊಟ್ಟಿಲ್ಲ. ಕೊಟ್ಟರೆ ಅಕ್ಕನ ಮುರಿದ ಬೆರಳಿಟ್ಟುಕೊಂಡು ವ್ಯಾಪಾರಕ್ಕೆ ಇಳಿದವನು ಎಂದು ನಾನೇ ಒಪ್ಪಿಕೊಂಡ ಹಾಗೆ. ಕ್ಲೇಮು ಪರೀಕ್ಷಕನೇ ಹಣ ಕೇಳಿದ ಅಂದರೆ ಆಫೀಸಿನಲ್ಲಿ ಒಂದು ದಿನ ಇಟ್ಟುಕೊಳ್ಳುವುದಿಲ್ಲ.

ಮನೆಯಲ್ಲೂ ಏನೋ ನಡೆಯುತ್ತಿದೆ. ಅಕ್ಕನೂ ಇವಳೂ ಅಡುಗೆಮನೆಯಲ್ಲಿ ಪಿಸಪಿಸ. ನಾನು ಹೋದರೆ ಮಾತು ನಿಲ್ಲುತ್ತದೆ. ಮಧ್ಯಾಹ್ನ ಫೋನು ಮಾಡಿದರೆ ಇಬ್ಬರೂ ಎತ್ತುವುದಿಲ್ಲ. ವಕೀಲೆ ಅಕ್ಕನಿಗೆ ಫೋನು ಮಾಡಿದ್ದಾರೆ, ಅವಳ ಫೋನಿನ ಕರೆಗಳ ಪಟ್ಟಿಯಲ್ಲಿ ನೋಡಿದೆ. ಎಲ್ಲ ನನ್ನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಮೊದಲೇ ಮಾತಾಗಿದೆಯೇ? ಬರೆದುಕೊಡಿ ಅಂತ ವಕೀಲೆಯಿಂದ ಅಕ್ಕನೇ ಹೇಳಿಸಿದ್ದೇ? ಸ್ವಂತ ಅಕ್ಕನ ಮೇಲೆ ಹೀಗೆ ಯೋಚನೆ ಬರುತ್ತದೆ. ಬಂದಮೇಲೆ ನಿಲ್ಲುವುದೇ ಇಲ್ಲ.

ಮೇ 8, ಶುಕ್ರವಾರ

ಅರ್ಧ ದಿನ ರಜೆ ಹಾಕಿ, ಹೇಳದೇ ಮನೆಗೆ ಬಂದೆ. ಕೈಗೆ ಸಿಕ್ಕಿಬೀಳಲಿ ಅಂತ.

ಅಕ್ಕ ನೆಲದ ಮೇಲೆ ಕೂತಿದ್ದಳು. ಹಳೆಯ ಬೆಡ್‌ಶೀಟು, ಅದರ ಮೇಲೆ ಚಾಕ್ ಗೆರೆ, ಎಡಗೈಯಲ್ಲಿ ಕತ್ತರಿ. ಇವಳು ಎದುರಿಗೆ ಬಟ್ಟೆ ಬಿಗಿಯಾಗಿ ಹಿಡಿದುಕೊಂಡಿದ್ದಾಳೆ. ಸುತ್ತ ತುಂಡುಗಳು. ಒಂದಾದರೂ ನೆಟ್ಟಗಿಲ್ಲ. ಕಣ್ಣು ಮುಚ್ಚಿ ಕತ್ತರಿಸಿದರೂ ಗೆರೆ ಬಿಡದವಳು.

"ಎರಡು ವಾರದಿಂದ ಮಾಡ್ತಿದೀವಿ," ಅಂದಳು ಇವಳು. "ಹೇಳ್ಬೇಡ ಅಂದ್ರು ಅತ್ತಿಗೆ. ನಿಮಗೆ ಸಂಕಟ ಆಗುತ್ತೆ ಅಂತ."

ಅಕ್ಕ ನಕ್ಕಳು. "ಕಲೀತೀನಿ ಬಿಡೋ. ಆಪರೇಷನ್ ಆಗದೇ ಇದ್ರೂ ಹೊಟ್ಟೆಪಾಡು ನಡೀಬೇಕಲ್ಲ. ವಕೀಲಮ್ಮನೂ ಕೇಳಿದ್ರು, ಈಗ ಎಷ್ಟು ಕೆಲಸ ಮಾಡೋಕಾಗುತ್ತೆ ಅಂತ. ಇಷ್ಟೇ ಅಂದೆ."

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾಚಿಕೆಗೂ ಅತ್ತೆ, ಆ ವಕ್ರ ತುಂಡುಗಳಿಗೂ ಅತ್ತೆ.

ಮೇ 11, ಸೋಮವಾರ

ಹೇಳಿಕೆ ಬರೆದೆ. ಸೈಟು ನನ್ನದು. ಅಕ್ಕನಿಗೆ ಗೊತ್ತಿರಲಿಲ್ಲ. ಫೋಟೋ ಕೇಳದೇ ತೆಗೆದದ್ದು. ಕಂಪನಿಯಿಂದ ಹಣ ಕೀಳುವುದೇ ಮೊದಲಿನಿಂದಲೂ ನನ್ನ ಉದ್ದೇಶ, ಹಣ ನನಗಾಗಿ. ಕ್ಲೇಮು ಓದುವ ಕಣ್ಣಿನಿಂದ ಓದಿದೆ. ಎಲ್ಲೂ ತೂತಿಲ್ಲ. ನಾನೇ ಆಗಿದ್ದರೂ ನಂಬುತ್ತಿದ್ದೆ. ಡೊಮೇನ್ ಬಿಟ್ಟುಕೊಡಲೂ ಸಹಿ ಹಾಕಿದೆ. ಗರ್ಭಿಣಿ, ಮೇಷ್ಟ್ರು, ಪೇಂಟರು — ಎಲ್ಲರ ಮಾತೂ ಅದರ ಜೊತೆಗೇ ಹೋಗುತ್ತದೆ. ಮೇಷ್ಟ್ರಿಗೆ ಕ್ಷಮಿಸಿ ಎಂದು ಬರೆದೆ.

'ಹಣ ನನಗಾಗಿ' ಬರೆಯುವಾಗ ಪೆನ್ನು ನಿಂತಿತು. ಅವನು ಆ ಹತ್ತು ಲಕ್ಷ ಒಪ್ಪಿಬಿಟ್ಟಿದ್ದರೆ? ಬೇಡ ಅನ್ನುತ್ತಿದ್ದೆನಾ? ಆಪರೇಷನ್ ಲೆಕ್ಕ ತಲೆಯಲ್ಲಿ ಒಂದು ಸುತ್ತು ಹಾಕಿದ್ದು ನಿಜ. ಗೊತ್ತಿಲ್ಲ. ನನ್ನ ಕ್ಲೇಮನ್ನು ನಾನು ಪಾಸು ಮಾಡಲಾರೆ.

ಮೇ 12

ವಕೀಲೆ ಫೋನು. ಹೇಳಿಕೆ ನೋಡಿ ಕಂಪನಿಯವರು ಮೆತ್ತಗಾಗಿದ್ದಾರೆ. ಹೆಸರು ವಾಪಸು ಸಿಕ್ಕಿ, ಅಕ್ಕ 'ನನಗೆ ಇದ್ಯಾವುದೂ ಗೊತ್ತಿರಲಿಲ್ಲ' ಅಂದರೆ ನಾಳೆಯೇ ಆಪರೇಷನ್ ಖರ್ಚು ಕೊಡುತ್ತಾರಂತೆ. ಅವಳು ಒಂದೇ ಒಂದು ಮಾತು ಹೇಳಬೇಕು. ಪ್ರತಿಯನ್ನು ಅವಳಿಗೂ ಕಳಿಸಿದ್ದಾರೆ.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಅಕ್ಕ ಓದುತ್ತಾಳೆ ಅಂತ.

ಮೇ 13, ಬುಧವಾರ — ಬೆಳಿಗ್ಗೆ 8.50

ಗಾಡಿಗೆ ಹೇಳಿದೆ. ಒಂಬತ್ತಕ್ಕೆ ಬರುತ್ತದೆ.

ತಿಂಡಿ ತಿನ್ನುವಾಗ ಅಕ್ಕ ಆ ಕಾಗದ ತಟ್ಟೆಯ ಪಕ್ಕದಲ್ಲಿಟ್ಟಳು. ಕಣ್ಣು ಊದಿತ್ತು. ಇವಳು ಎದ್ದು ಒಳಗೆ ಹೋದಳು.

"ಫೋಟೋ ವಿಷಯ ಸುಳ್ಳು. ಅದು ನನಗೆ ಗೊತ್ತು," ಅಂದಳು. "ನಾನೇ ಕೈ ಇಟ್ಟೆ. ದುಡ್ಡಿನ ವಿಷಯ?"

ಬ್ರೆಡ್ಡನ್ನು ತಟ್ಟೆಗೆ ವಾಪಸ್ ಇಟ್ಟೆ.

"ಅದೂ ಸುಳ್ಳಾದ್ರೆ ಹೇಳಿಬಿಡು. ಅಲ್ಲಿ ಹೋಗಿ ನನಗೆಲ್ಲ ಗೊತ್ತಿತ್ತು, ನಾವಿಬ್ರೂ ಸೇರೇ ಮಾಡಿದ್ದು ಅಂತೀನಿ. ನಿನ್ನ ತಲೆ ಮೇಲೆ ಕಾಲಿಟ್ಟು ನನಗೆ ಬೆರಳು ಬೇಡ." ಕಾಗದ ಮಡಿಸುತ್ತ, "ನಿಜ ಆದ್ರೆ ಅದನ್ನೂ ಹೇಳು. ಆಗ ಬೇಕಾದ್ರೆ ನನಗೇನೂ ಗೊತ್ತಿಲ್ಲ ಅಂತೀನಿ. ನಿನ್ನ ಬಗ್ಗೆ ಗೊತ್ತಿಲ್ಲ ಅಂದ್ರೆ ಅದು ಸುಳ್ಳೂ ಆಗಲ್ಲ."

ತಲೆ ಬಾಚಿಕೊಂಡು ಬರ್ತೀನಿ, ಅಷ್ಟರಲ್ಲಿ ಹೇಳು ಅಂತ ಎದ್ದು ಹೋದಳು. ಎಡಗೈಯಲ್ಲಿ ಬಾಚಲು ಹೊತ್ತು ಹಿಡಿಯುತ್ತದೆ.

ಅವಳು ಅರ್ಧ ನಂಬಿದ್ದಾಳೆ. ಇನ್ನರ್ಧ ನಾನು ನಂಬಿಸಬೇಕು. ಜೀವಮಾನವಿಡೀ ಯಾರನ್ನೂ ನಂಬದವನು ನಾನು. ನನ್ನನ್ನು ನಂಬಿದ್ದವಳು ಅಕ್ಕ ಒಬ್ಬಳು.

ಬಾಚಣಿಗೆ ಇಟ್ಟ ಸದ್ದು. ಕಣ್ಣು ತಗ್ಗಿಸಬಾರದು. ಜಾಸ್ತಿ ವಿವರಿಸಬಾರದು, ವಿವರಿಸಿದವರೇ ಸಿಕ್ಕಿಬೀಳುವುದು. ನೇರ ನೋಡಬೇಕು, ಎರಡೇ ಮಾತು, ಮುಗಿಸಬೇಕು. ಹೌದು ಅಕ್ಕ. ದುಡ್ಡಿಗೇ. ಮೊದಲಿಂದ್ಲೂ ದುಡ್ಡಿ—